ಮೈಲಾರವ್ವನ ಕೊಸರು

ಆ ಕಾಗದ ನಮ್ಮ ಹೈಸ್ಕೂಲಿಗೆ ಬಂದದ್ದು ಬಿಸಿಯೂಟದ ಹೊತ್ತಿಗೆ. ಒಂದೇ ಪುಟ. ಮೇಲೆ ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದರ ಲಾಂಛನ, ಕೆಳಗೆ ಮೂರು ಸಾಲಿನ ಕೋಷ್ಟಕ. ಮೊದಲೆರಡು ಸಾಲಿನಲ್ಲಿ ಬೇರೆ ಎರಡು ಊರಿನ ಅಳತೆ ಕೇಂದ್ರಗಳು, ಅವುಗಳ ಮುಂದೆ ‘ಉತ್ತಮ’. ಮೂರನೆಯ ಸಾಲಿನಲ್ಲಿ ನಾವು. ‘ಕುಬಿಹಾಳ: ಅಳತೆ ಓದುವವರ ದೋಷ. ದಾಖಲೆ ನಂಬಲು ಯೋಗ್ಯವಲ್ಲ. ಕೇಂದ್ರವನ್ನು ಮುಚ್ಚತಕ್ಕದ್ದು.’ ಎಲ್ಲಕ್ಕಿಂತ ಕೆಳಗೆ, ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: ಇದು ಕಂಪ್ಯೂಟರಿನಿಂದ ತಯಾರಾದ ವರದಿ, ಸಹಿಯ ಅಗತ್ಯವಿಲ್ಲ.

ನಾನು ಈ ಶಾಲೆಯ ವಿಜ್ಞಾನದ ಟೀಚರು, ಹೆಸರು ನಾಗರತ್ನಾ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲೂ ಹೇಳುತ್ತಾರೆ, ಸ್ಟಾಫ್ ರೂಮಿನಲ್ಲೂ ಹೇಳುತ್ತಾರೆ. ಹೇಳಲಿ. ಆದರೆ ಆ ದಿನ ಬಂದ ಸಿಟ್ಟು ಬೇರೆಯೇ. ನಮ್ಮ ಶಾಲೆಯಲ್ಲಿ ಅಳತೆ ಓದುವವರು ಅಂತ ಇರುವುದು ಒಬ್ಬಳೇ ಹೆಂಗಸು, ಪ್ರಯೋಗಾಲಯದ ಅಟೆಂಡರ್ ಮೈಲಾರವ್ವ. ಹೆಸರು ಬರೆಯದಿದ್ದರೇನಾಯಿತು, ಆ ಸಾಲು ಆಕೆಯ ಹಣೆಗೇ ಅಂಟಿಸಿದ್ದು. ಹದಿನಾರು ವರ್ಷ ಆಕೆಯ ಪಕ್ಕದಲ್ಲಿ ಕೆಲಸ ಮಾಡಿದ ನನಗೆ ಮೈಯೆಲ್ಲ ಉರಿಯಿತು.

ಮೈಲಾರವ್ವ ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡಳು. ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದಿದಳು. ಎರಡು ಸಲ ಓದಿದಳು.

“ದೋಷ ಅಂದ್ರ ನಾ ಸುಳ್ಳ ಬರದೀನಿ ಅಂತಾರೇನ್ರೀ ಅಕ್ಕಾರ?”

“ಹಂಗಂತ ಬರದಿಲ್ಲವ್ವಾ. ಆದ್ರ ಓದಿದವ್ರಿಗೆ ಹಂಗ ಅನಸತೈತಿ,” ಎಂದೆ.

“ಯಾರ ಬರದಾರ ಇದನ್ನ? ಸಹಿ ಎಲ್ಲೈತ್ರೀ?”

ನಾನು ಕೊನೆಯ ಸಣ್ಣ ಸಾಲನ್ನು ಓದಿ ಹೇಳಿದೆ. ಆಕೆ ನಗಲಿಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನೆಟ್ಟಗೆ ಪ್ರಯೋಗಾಲಯಕ್ಕೆ ಹೋಗಿ, ಆ ಸಂಸ್ಥೆ ಕೊಟ್ಟ ಅಳತೆಯ ಕರಿ ಡಬ್ಬಿ ಇಟ್ಟಿದ್ದ ಕೋಣೆಗೆ ಬೀಗ ಜಡಿದು, ಕೀಲಿಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿದಳು.

“ಬರದಾಂವ ಬಂದು ನನ್ನ ಮುಂದ ನಿಂತು ಹೇಳಲಿ. ಅಲ್ಲೀತನಕ ಡಬ್ಬಿ ಒಯ್ಯಾಕ ನಾ ಬಿಡಂಗಿಲ್ಲ,” ಎಂದಳು.

ಹೆಡ್‌ಮಾಸ್ತರರು ಇದು ಸರಕಾರಿ ಆಸ್ತಿ, ಹಾಗೆಲ್ಲ ಬೀಗ ಹಾಕುವಂತಿಲ್ಲ ಎಂದರು. ಆಕೆ ಕೇಳಿಸಿಕೊಳ್ಳಲಿಲ್ಲ. ನಾನೂ ಕೇಳಿಸಿಕೊಳ್ಳಲಿಲ್ಲ.

ಈ ಹಟ ಆಕೆಗೆ ಅವ್ವನಿಂದ ಬಂದದ್ದು. ಆಕೆಯ ಅವ್ವ ಮಲ್ಲಕ್ಕ ತಿರ್ಲಾಪುರದವಳು. ಕಣದಲ್ಲಿ ಜೋಳದ ರಾಶಿಯಾದಾಗ ಅಳೆಯಲು ಆಕೆಯನ್ನೇ ಕರೆಯುತ್ತಿದ್ದರು. ಕೊಡುವವರೂ ತೆಗೆದುಕೊಳ್ಳುವವರೂ ಇಬ್ಬರೂ ಆಕೆಯ ಕೈಯನ್ನು ಒಪ್ಪುತ್ತಿದ್ದರಂತೆ. ಸೇರು ತುಂಬಿ, ಅಂಗೈಯಿಂದ ಸಮ ಮಾಡಿ ಸುರಿದು, ಕೊನೆಗೆ ಮೇಲೊಂದು ಹಿಡಿ ಹಾಕುತ್ತಿದ್ದಳು. ಅದೇ ಕೊಸರು. ಸಂತೆಯಲ್ಲಿ ಇಂದಿಗೂ ನಾವು ಬಾಯಿಬಿಟ್ಟು ಕೇಳಿ ಹಾಕಿಸಿಕೊಳ್ಳುವುದು. ಎಷ್ಟು ನಿಗಾ ಇಟ್ಟು ತುಂಬಿದರೂ ಕಾಳಿನ ನಡುವೆ ಸಂದು ಉಳಿಯುತ್ತದೆ, ಕೈ ಒಮ್ಮೆ ಬಿಗಿ ಒಮ್ಮೆ ಸಡಿಲ, ಆ ಕೊರತೆಯನ್ನು ತುಂಬಲು ಕೊಸರು ಎಂದು ಮಲ್ಲಕ್ಕ ಮಗಳಿಗೆ ಹೇಳಿಕೊಟ್ಟಿದ್ದಳು.

ಒಂದು ವರ್ಷ ಹೊಲದ ಧಣಿ, ಆಳುಗಳ ಪಾಲಿನ ಜೋಳ ಅಳೆಯುವಾಗ ಕೊಸರು ಹಾಕಬೇಡ ಅಂದನಂತೆ. ಮಲ್ಲಕ್ಕ ಸೇರನ್ನು ರಾಶಿಯ ಮೇಲೆ ಒಗೆದು, ಸೆರಗು ಝಾಡಿಸಿ, ಎದ್ದು ಬಂದಳಂತೆ. ಎರಡು ಸುಗ್ಗಿ ಆಕೆಯನ್ನು ಆ ಕಣಕ್ಕೆ ಕರೆಯಲಿಲ್ಲ. ಎಂಟು ವರ್ಷದ ಮೈಲಾರವ್ವ ಅದನ್ನು ಕಣ್ಣಾರೆ ನೋಡಿದ್ದಳು. ನನಗೆ ಈ ಕಥೆಯನ್ನು ಇಪ್ಪತ್ತು ಸಲವಾದರೂ ಹೇಳಿದ್ದಾಳೆ, ಪ್ರತಿ ಸಲವೂ ಕೈಯಲ್ಲಿ ಇಲ್ಲದ ಸೇರನ್ನು ಒಗೆದು ತೋರಿಸುತ್ತಾಳೆ.

ಆಕೆ ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಎರಡು ಸಲ ಕೂತು ಎರಡು ಸಲವೂ ಬಿದ್ದಳು. ಕುಬಿಹಾಳಕ್ಕೆ ಮದುವೆಯಾಗಿ ಬಂದಳು. ಗಂಡ ಕುರಿ ಹಿಂಡಿನ ಜೊತೆ ವರ್ಷದಲ್ಲಿ ಆರು ತಿಂಗಳು ಊರ ಹೊರಗೆ. ಶಾಲೆಗೆ ಸೇರಿದ ಹೊಸದರಲ್ಲಿ ಗಾಜಿನ ಸಾಮಾನು ತೊಳೆಯುವುದು, ಕಸ ಹೊಡೆಯುವುದು, ಇಷ್ಟೇ ಕೆಲಸ. ಗೋಡೆಗೆ ತೂಗುಹಾಕಿದ ಹಳೆಯ ಪಾದರಸದ ಬಾರೋಮೀಟರನ್ನು ತೋರಿಸಿ ಇದೇನ್ರೀ ಎಂದು ಆಕೆ ಕೇಳಿದಾಗ, ನಮ್ಮ ತಲೆಯ ಮೇಲಿನ ಗಾಳಿಯ ಭಾರ ಅಳೆಯುವುದು ಎಂದೆ. ಗಾಳಿಗೂ ಭಾರ ಇರುತ್ತದೆ ಎಂಬ ಮಾತು ಆಕೆಯ ತಲೆಯಲ್ಲಿ ಕೂತುಬಿಟ್ಟಿತು. ಮರುದಿನದಿಂದ ತಾನೇ ಅದನ್ನು ಓದಲು ಹತ್ತಿದಳು.

ಆ ಬಾರೋಮೀಟರನ್ನು ಓದುವುದು ಗೋಡೆ ಗಡಿಯಾರ ನೋಡಿದಷ್ಟು ಸುಲಭವಲ್ಲ. ಕೆಳಗಿನ ಬಟ್ಟಲಿನಲ್ಲಿ ಪಾದರಸ, ಅದರ ಮೇಲೊಂದು ದಂತದ ಮೊನೆ. ತಳದ ತಿರುಪು ತಿರುಗಿಸಿ, ಮೊನೆಯೂ ಪಾದರಸದಲ್ಲಿ ಕಾಣುವ ಅದರ ಬಿಂಬವೂ ತಾಗುವ ಹಾಗೆ ಮಾಡಬೇಕು. ಆಮೇಲೆ ಮೇಲಿನ ಮಟ್ಟ ಓದಬೇಕು. ಸೂಕ್ಷ್ಮ ಓದಿಗಿದ್ದ ಜಾರುಪಟ್ಟಿ ಸವೆದು ಎಷ್ಟೋ ಕಾಲವಾಗಿತ್ತು. ಮಿಲಿಮೀಟರಿನ ಎರಡು ಗೆರೆಗಳ ನಡುವೆ ಪಾದರಸ ನಿಂತರೆ ಕಾಲೋ ಅರ್ಧವೋ ಮುಕ್ಕಾಲೋ ಎಂದು ಕಣ್ಣಂದಾಜಿನಲ್ಲೇ ಹೇಳಬೇಕು. ಮೈಲಾರವ್ವ ಒಮ್ಮೆ ಓದಿ, ತಿರುಪು ಬಿಚ್ಚಿ, ಮತ್ತೆ ಮೊದಲಿನಿಂದ ಹೊಂದಿಸಿ, ಹೀಗೆ ಮೂರು ಸಲ ಓದಿ ಮೂರನ್ನೂ ಬರೆದಿಡುತ್ತಿದ್ದಳು. ಆಗ ಯಾರಾದರೂ ಹತ್ತಿರ ನಿಂತರೆ, “ಉಸರ ಬಿಡಬ್ಯಾಡ್ರಲೇ!” ಎಂದು ಗದರುತ್ತಿದ್ದಳು. ಬೆಳಿಗ್ಗೆ ಹತ್ತಕ್ಕೆ ಒಮ್ಮೆ, ಸಂಜೆ ನಾಲ್ಕಕ್ಕೆ ಒಮ್ಮೆ. ಹತ್ತು ಗಂಟೆಗೆ ಸರಿಯಾಗಿ ಚಹಾ ತರಲು ಹೆಡ್‌ಮಾಸ್ತರರು ಹೇಳಿದರೆ, ಚಹಾ ಆರಿದರೆ ಬಿಸಿ ಮಾಡಬಹುದು, ಹತ್ತು ಗಂಟೆ ಮತ್ತೆ ಬರುವುದಿಲ್ಲ ಎಂದು ಮುಖದ ಮೇಲೆ ಹೇಳುತ್ತಿದ್ದಳು.

ಮೂರೂವರೆ ವರ್ಷದ ಹಿಂದೆ ಆ ಸಂಸ್ಥೆಯಿಂದ ಹೇಮಂತ ಎಂಬ ಹುಡುಗ ಕರಿ ಡಬ್ಬಿ ತಂದ. ಹುಡುಗ ಎಂದರೆ ಮೂವತ್ತರ ಆಸುಪಾಸು, ಕಣಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವನು, ಮೃದು ಮಾತಿನವನು. ಡಬ್ಬಿಯೊಳಗೆ ಕೇರಂ ಬೋರ್ಡಿಗಿಂತ ಚಿಕ್ಕ ಎರಡು ಪ್ಲಾಸ್ಟಿಕ್ ಹಲಗೆಗಳು, ಒಂದರ ಮೇಲೊಂದು. ಆಕಾಶದ ಆಚೆಯಿಂದ ಬರುವ ಕಣಗಳು ಮೇಲಿನ ಗಾಳಿಗೆ ಬಡಿದು ಒಡೆದು, ಮ್ಯೂಆನ್ ಎಂಬ ಕಣಗಳಾಗಿ ನೆಲಕ್ಕೆ ಸುರಿಯುತ್ತವೆ. ನಮ್ಮ ಅಂಗೈಯಷ್ಟು ಜಾಗದಲ್ಲಿ ಸೆಕೆಂಡಿಗೆ ಒಂದೆರಡು ಹಾದುಹೋಗುತ್ತವೆ, ನಮಗೆ ಗೊತ್ತೇ ಆಗುವುದಿಲ್ಲ. ಎರಡೂ ಹಲಗೆಗಳನ್ನು ಹಾಯ್ದ ಕಣವನ್ನು ಡಬ್ಬಿ ಎಣಿಸಿ ತಾನೇ ಬೆಂಗಳೂರಿಗೆ ಕಳಿಸುತ್ತದೆ.

ಆದರೆ ತಲೆಯ ಮೇಲೆ ಗಾಳಿ ದಟ್ಟವಾಗಿದ್ದರೆ ಕಣಗಳು ದಾರಿಯಲ್ಲೇ ಸೋತು ಎಣಿಕೆ ಕಡಿಮೆಯಾಗುತ್ತದೆ, ಗಾಳಿ ಹಗುರಾದರೆ ಹೆಚ್ಚುತ್ತದೆ. ಆದ್ದರಿಂದ ಗಾಳಿಯ ಒತ್ತಡ ಗೊತ್ತಿಲ್ಲದೆ ಬರೀ ಎಣಿಕೆಯಿಂದ ಏನೂ ಹೇಳುವ ಹಾಗಿಲ್ಲ. ಒತ್ತಡ ಅಳೆಯಲು ಅವರು ತಂದಿದ್ದ ಎಲೆಕ್ಟ್ರಾನಿಕ್ ಉಪಕರಣ ನಮ್ಮ ಎರಿ ಮಣ್ಣಿನ ಧೂಳಿಗೆ ಒಂದೇ ಬೇಸಿಗೆಯಲ್ಲಿ ಸತ್ತಿತು. ಆಗ ಹೇಮಂತನಿಗೆ ಗೋಡೆಯ ಮೇಲಿನ ಪಾದರಸದ ಬಾರೋಮೀಟರ್ ಕಂಡಿತು, ಅದರ ಮುಂದೆ ಉಸಿರು ಬಿಗಿಹಿಡಿದು ನಿಂತ ಮೈಲಾರವ್ವ ಕಂಡಳು. ಉಳಿದ ಎರಡು ಕೇಂದ್ರಗಳೂ ಶಾಲೆಗಳೇ. ಅಲ್ಲಿಯೂ ಇದೇ ವ್ಯವಸ್ಥೆಯಾಯಿತು. ಆ ಊರುಗಳ ಹೆಸರು ನಾನು ಬರೆಯುವುದಿಲ್ಲ, ಅಲ್ಲಿ ಓದುವ ಮಕ್ಕಳದೇನು ತಪ್ಪು?

ತಿಂಗಳಿಗೊಮ್ಮೆ ಬೆಂಗಳೂರಿಗೆ ಕಳಿಸಲು ಅವನು ಕೊಟ್ಟ ನಮೂನೆಯಲ್ಲಿ ಎರಡು ಕಾಲಂ. ಒಂದರಲ್ಲಿ ಅಳತೆ. ಇನ್ನೊಂದರ ತಲೆಯ ಮೇಲೆ ಪ್ಲಸ್ ಮೈನಸ್ ಗುರುತು, ಒಂದರ ಕೆಳಗೊಂದು. ಅದೇನೆಂದು ಮೈಲಾರವ್ವ ನನ್ನನ್ನು ಕೇಳಿದಳು. ಆ ದಿನ ನನಗೆ ಒಂಬತ್ತನೆಯ ತರಗತಿಯ ಪೇಪರು ತಿದ್ದುವ ಅವಸರ. ಯಾವ ಅಳತೆಯೂ ಪೂರ್ತಿ ಕರಾರುವಾಕ್ಕಾಗಿ ಇರುವುದಿಲ್ಲ, ಸ್ವಲ್ಪ ಆಚೀಚೆ ಇರುತ್ತದೆ, ಅದನ್ನು ಆ ಕಾಲಂನಲ್ಲಿ ಬರೆಯಬೇಕು ಎಂದೆ. ಆಕೆಗೆ ಅರ್ಥವಾಗಲಿಲ್ಲ.

“ಏ, ಕೊಸರ ಅಂತ ತಿಳಕೋವಾ,” ಎಂದೆ ನಾನು, ತಲೆ ಎತ್ತದೆ.

ಆಕೆಯ ಮುಖ ಬೆಳಗಿತು. “ಕೊಸರೇನ್ರೀ? ಹಂಗಂದ್ರ ಗೊತ್ತಾತ ಬಿಡ್ರಿ,” ಎಂದು ಹೋದಳು. ಉಪಮೆ ಚೆನ್ನಾಗಿ ಹೊಳೆಯಿತೆಂದು ನಾನು ಸ್ವಲ್ಪ ಬೀಗಿಯೂ ಬೀಗಿದೆ.

ಆಮೇಲೆ ಮೂರು ವರ್ಷ ಆಕೆ ಒಂದು ದಿನವೂ ತಪ್ಪಿಸಲಿಲ್ಲ. ಭಾನುವಾರ ಬಂದಳು, ಹಬ್ಬಕ್ಕೆ ಬಂದಳು. ಹೋದ ವರ್ಷ ಅಕ್ಟೋಬರಿನಲ್ಲಿ ವಾಯುಭಾರ ಕುಸಿದು ಮೂರು ದಿನ ಮಳೆ ಹಿಡಿಯಿತಲ್ಲ, ಶಾಲೆಗೆ ರಜೆ ಕೊಟ್ಟಿದ್ದರು. ಗೋಣಿಚೀಲವನ್ನು ತಲೆಗೆ ಕೊಪ್ಪೆ ಮಾಡಿಕೊಂಡು, ಪ್ರತಿ ಹೆಜ್ಜೆಗೂ ಸೇರುಗಟ್ಟಲೆ ಎರಿ ಮಣ್ಣು ಕಾಲಿಗೆ ಹತ್ತಿಸಿಕೊಂಡು ಬಂದು ಓದಿದಳು. ಸಂಜೆ ನಾಲ್ಕೂಕಾಲಿಗೆ ನನಗೆ ಫೋನು ಮಾಡಿದಳು.

“ಅಕ್ಕಾರ, ದಿನಾ ಏಳ್ನೂರಾ ನಾಕಕ್ಕ ಇರೂದು ಇವತ್ತ ಏಳ್ನೂರಕ್ಕ ಇಳದೈತ್ರಿ. ಇದು ಕೆಟ್ಟೈತೋ ಏನ್ ಗಾಳಿ ಕೆಟ್ಟೈತೋ?”

ಇನ್ನೊಮ್ಮೆ ಓದು ಎಂದೆ. ಮೂರು ಸಲದ ಬದಲು ಒಂಬತ್ತು ಸಲ ಓದಿ ಒಂಬತ್ತನ್ನೂ ಬರೆದಿಟ್ಟಳು. ಇಂಥವಳಿಗೆ ‘ಓದುವವರ ದೋಷ’!

ಕಾಗದ ಬಂದ ಹನ್ನೆರಡನೆಯ ದಿನ ಹೇಮಂತ ಡಬ್ಬಿ ಒಯ್ಯಲು ಜೀಪು ತಂದ. ಬೆಳಿಗ್ಗೆ ಹನ್ನೊಂದು ಗಂಟೆ. ಮೈಲಾರವ್ವ ಮೂರು ವರ್ಷದ ಮೂರು ಉದ್ದನೆಯ ಪುಸ್ತಕಗಳನ್ನು ಪ್ರಯೋಗಾಲಯದ ಮೇಜಿನ ಮೇಲೆ ಜೋಡಿಸಿ, ಬೀಗ ಹಾಕಿದ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ನಾನು ಪಾಠ ಬಿಟ್ಟು ಬಂದೆ.

“ಬರ್ರಿ. ಚಾ ಆಮ್ಯಾಲ. ಮೊದಲ ಹೇಳ್ರಿ, ನಾ ಏನ ಸುಳ್ಳ ಬರದೀನಿ?” ಎಂದಳು.

“ಅಯ್ಯೋ, ನಿಮ್ಮನ್ನ ಯಾರೂ ಸುಳ್ಳು ಅಂದಿಲ್ಲ. ಇದು ನೆಟ್‌ವರ್ಕ್ ಹೇಳಿದ್ದು,” ಎಂದ ಹೇಮಂತ. ಅವನ ಮಾತಿನ ನಯ ಕಂಡು ನನ್ನ ಸಿಟ್ಟು ಇನ್ನಷ್ಟು ಏರಿತು. ಹುಡುಗಾ, ಜಗಳವಾಡುವುದಿದ್ದರೆ ನೆಟ್ಟಗೆ ಆಡು.

ಅವನು ಲ್ಯಾಪ್‌ಟಾಪ್ ತೆರೆದು ವಿವರಿಸಿದ. ನ್ಯೂರಲ್ ನೆಟ್‌ವರ್ಕ್ ಎಂದರೆ ಸಾವಿರಾರು ಉದಾಹರಣೆಗಳನ್ನು ನೋಡಿ ನೋಡಿ ತಾನೇ ಕಲಿಯುವ ಲೆಕ್ಕದ ವ್ಯವಸ್ಥೆ. ಮೂರೂ ಕೇಂದ್ರಗಳ ಎಣಿಕೆ, ಒತ್ತಡ ಎಲ್ಲವನ್ನೂ ಅದಕ್ಕೆ ಕೊಡುತ್ತಾರೆ. ಅದು ನಿಜವಾಗಿ ಎಷ್ಟು ಕಣ ಬಂದಿರಬೇಕು ಎಂದು ಹೇಳುತ್ತದೆ, ಜೊತೆಗೆ ಆ ಉತ್ತರ ಎಷ್ಟು ಅನಿಶ್ಚಿತ ಎಂದೂ ಹೇಳುತ್ತದೆ. ಯಾವ ಕೇಂದ್ರದ ಅಳತೆ ಗಟ್ಟಿಯೋ ಅದಕ್ಕೆ ಹೆಚ್ಚು ಬೆಲೆ, ಯಾವುದು ಸಡಿಲವೋ ಅದಕ್ಕೆ ಕಡಿಮೆ. ಗಟ್ಟಿ ಯಾವುದು, ಸಡಿಲ ಯಾವುದು ಎಂಬುದಕ್ಕೆ ಅದಕ್ಕೆ ಸಿಗುವ ಆಧಾರ ಆ ಪ್ಲಸ್ ಮೈನಸ್ ಕಾಲಂ.

“ಅವರಿಬ್ಬರದ್ದು ಬಹಳ ಸ್ಥಿರವಾಗಿದೆ ಮೇಡಮ್. ನಿಮ್ಮದರ ಅನುಮಾನ ಅವರಿಗಿಂತ ಐದು ಪಟ್ಟು,” ಎಂದ.

“ಅನುಮಾನ ಅಳತಿ ಮ್ಯಾಲೋ ಏನ್ ನನ್ನ ಮ್ಯಾಲೋ?” ಮೈಲಾರವ್ವ ಕೇಳಿದಳು. ಅವನು ಲ್ಯಾಪ್‌ಟಾಪಿನ ಕಡೆ ಕಣ್ಣು ತಿರುಗಿಸಿದ. “ಇರ್ಲಿ. ಅವ್ರ ಪುಸ್ತಕ ತೋರಸ್ರಿ.”

ಅದು ಬೇರೆ ಕೇಂದ್ರದ ದಾಖಲೆ, ತೋರಿಸುವ ಹಾಗಿಲ್ಲ ಎಂದು ಅವನು ಗೊಣಗಿದ. “ತೋರಸಪಾ,” ಎಂದು ನಾನು ಮೇಜು ಗುದ್ದಿದೆ. ತೋರಿಸಿದ.

ಪರದೆಯ ಮೇಲೆ ಸಾಲು ಸಾಲು ಅಂಕಿ. ಬೆಳಿಗ್ಗೆ ಹತ್ತಕ್ಕೆ ಏಳುನೂರಾ ಆರು, ಏಳುನೂರಾ ಆರು, ಏಳುನೂರಾ ಆರು. ಸಂಜೆ ನಾಲ್ಕಕ್ಕೆ ಏಳುನೂರಾ ಆರು, ಏಳುನೂರಾ ಆರು, ಏಳುನೂರಾ ಆರು. ಪ್ರತಿಯೊಂದರ ಮುಂದೆಯೂ ಪ್ಲಸ್ ಮೈನಸ್ ಸೊನ್ನೆ ಬಿಂದು ಒಂದು. ಇನ್ನೊಂದು ಕೇಂದ್ರದಲ್ಲಿ ಏಳುನೂರಾ ಏಳು, ಅದೂ ಹಾಗೆಯೇ ಕೆಳತನಕ. ಮೈಲಾರವ್ವ ಬಗ್ಗಿ ಬೆರಳಿಟ್ಟು ಒಂದು ತಿಂಗಳು ಓದಿದಳು, ಎರಡು ತಿಂಗಳು ಓದಿದಳು.

“ಏನ್ರೀ ಇದು? ಹತ್ತಕ್ಕ ಏರತೈತಿ, ನಾಕಕ್ಕ ಎರಡ ಗೆರಿ ಇಳೀತೈತಿ. ದಿನಾ. ಮಳಿ ಇರ್ಲಿ, ಬಿಸಲ ಇರ್ಲಿ. ಇವ್ರ ಊರಾಗ ಗಾಳಿ ಕೂತಲ್ಲೇ ಕೂತೈತೇನು?”

ಅದು ಯಾವ ಪುಸ್ತಕದಿಂದ ಕಲಿತದ್ದೂ ಅಲ್ಲ. ನಮ್ಮ ಸೀಮೆಯಲ್ಲಿ ಗಾಳಿಯ ಒತ್ತಡ ಬೆಳಿಗ್ಗೆ ಹತ್ತರ ಸುಮಾರಿಗೆ ಏರಿ, ಸಂಜೆ ನಾಲ್ಕರ ಸುಮಾರಿಗೆ ಇಳಿಯುತ್ತದೆ ಎಂಬುದು ನಿಜ. ಎಂ.ಎಸ್ಸಿ. ಮಾಡಿದ ನನಗೆ ಅದನ್ನು ಮೊದಲು ಹೇಳಿದವಳು ಗಣಿತದಲ್ಲಿ ಎರಡು ಸಲ ಬಿದ್ದ ಈ ಹೆಂಗಸು.

“ಆ ಮಳಿ ದಿನ ತಗೀರಿ,” ಎಂದಳು.

ಹೇಮಂತ ಅಕ್ಟೋಬರ್ ತೆಗೆದ. ಡಬ್ಬಿಗಳ ಎಣಿಕೆ ಮೂರೂ ಊರಲ್ಲಿ ಸಾವಿರಕ್ಕೆ ಏಳರಷ್ಟು ಏರಿತ್ತು. ಡಬ್ಬಿಗೆ ಸುಳ್ಳು ಹೇಳಲು ಬರುವುದಿಲ್ಲ. ತಲೆಯ ಮೇಲಿನ ಗಾಳಿ ಹಗುರಾಗಿತ್ತು, ಕಣಗಳು ಹೆಚ್ಚು ಬಂದಿದ್ದವು. ಕುಬಿಹಾಳದ ಪುಸ್ತಕದಲ್ಲಿ ಒತ್ತಡ ಏಳುನೂರು. ಆ ಎರಡು ‘ಉತ್ತಮ’ ಕೇಂದ್ರಗಳಲ್ಲಿ ಏಳುನೂರಾ ಆರು, ಏಳುನೂರಾ ಏಳು, ಪ್ಲಸ್ ಮೈನಸ್ ಸೊನ್ನೆ ಬಿಂದು ಒಂದು.

ಹೇಮಂತ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. ಆ ಎರಡೂ ಕಡೆ ಮೂರು ವರ್ಷ ಯಾರೂ ಬಾರೋಮೀಟರಿನ ಮುಂದೆ ನಿಂತೇ ಇರಲಿಲ್ಲ. ಮೊದಲ ದಿನದ ಅಂಕಿಯನ್ನು ಕೂತಲ್ಲೇ ನಕಲು ಮಾಡಿದ್ದರು. ಒಂದೇ ಅಂಕಿ ಇದ್ದದ್ದರಿಂದ ಬೆಂಗಳೂರಿನಲ್ಲಿ ಅವರು ಸ್ಥಿರ ಅನಿಸಿಕೊಂಡರು, ಉತ್ತಮ ಅನಿಸಿಕೊಂಡರು. ನೆಟ್‌ವರ್ಕಿನ ಮೇಲೆ ನನಗೆ ಸಿಟ್ಟಿಲ್ಲ. ಅದಕ್ಕೆ ಏನು ಕೊಟ್ಟರೋ ಅದನ್ನು ಅದು ನಂಬಿತು. ಆ ಕಾಲಂ ನಂಬು ಎಂದು ಹೇಳಿಕೊಟ್ಟು, ಆಮೇಲೆ ಅದರ ಬೆನ್ನ ಹಿಂದೆ ಅಡಗಿ ಕೂತ ಮನುಷ್ಯರ ಮೇಲೆ ನನ್ನ ಸಿಟ್ಟು. ಅದನ್ನು ಅಲ್ಲೇ, ಹೇಮಂತನ ಮುಖಕ್ಕೇ ಹೇಳಿದೆ. ಬಾಯಿಗೆ ಬಂದದ್ದೆಲ್ಲ ಹೇಳಿದೆ. ಸಹಿ ಹಾಕುವ ಧೈರ್ಯವಿಲ್ಲದವರು ಒಬ್ಬ ಹೆಂಗಸಿನ ಮಾನ ಕಳೆಯುವ ಕಾಗದ ಹೇಗೆ ಬರೆದಿರಿ ಎಂದು ಕೇಳಿದೆ. ವರಾಂಡದಲ್ಲಿ ಹೋಗುತ್ತಿದ್ದವರು ನಿಂತು ಕೇಳಿದರು.

ಅವನು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ಮೈಲಾರವ್ವನ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು ಮೆಲ್ಲಗೆ ಕೇಳಿದ.

“ಎಲ್ಲ ಒಪ್ಪಿಕೊಳ್ತೀನಿ. ಆದರೆ ಇದೊಂದು ನನಗೆ ತಿಳೀತಿಲ್ಲ. ಇಷ್ಟು ಜೋಪಾನವಾಗಿ ಓದೋರು ಪ್ಲಸ್ ಮೈನಸ್ ಮುಕ್ಕಾಲು ಅಂತ ಯಾಕೆ ಬರೆದಿದ್ದೀರಿ? ಇಲ್ಲಿ ಅರ್ಧ. ಇಲ್ಲಿ ನೋಡಿದರೆ ಸೊನ್ನೆ. ಒಂದು ದಿನ ಅನುಮಾನವೇ ಇಲ್ಲ, ಮರುದಿನ ಮುಕ್ಕಾಲು, ಹೇಗೆ?”

“ಅದು ಕೊಸರ್ರೀ,” ಎಂದಳು ಮೈಲಾರವ್ವ, ಅಷ್ಟೂ ಗೊತ್ತಿಲ್ಲವೇ ಎಂಬಂತೆ. “ಅವತ್ತ ಏಳ್ನೂರಾ ಐದು ಪೂರಾ ಆಗಿ ಮ್ಯಾಲ ಮುಕ್ಕಾಲು ಬಂದಿತ್ತು. ಏಳ್ನೂರಾ ಐದು ಅಳತಿ ಕಾಲಮಿಗೆ, ಮುಕ್ಕಾಲು ಕೊಸರಿನ ಕಾಲಮಿಗೆ. ಗೆರಿಗೆ ಸರಿಯಾಗಿ ನಿಂತಿದ್ದ ದಿನ ಕೊಸರ ಇಲ್ಲ, ಸೊನ್ನಿ.”

ನಾನು ಪುಸ್ತಕವನ್ನು ನನ್ನ ಕಡೆ ಎಳೆದುಕೊಂಡೆ.

ಆಕೆಯ ಏಳುನೂರಾ ಐದೂ ಮುಕ್ಕಾಲು, ಬೆಂಗಳೂರಿಗೆ ತಲುಪುವಾಗ ‘ಏಳುನೂರಾ ಐದು, ಮುಕ್ಕಾಲರಷ್ಟು ಆಚೆಗೋ ಈಚೆಗೋ’ ಎಂದಾಗಿತ್ತು. ಮೂರು ವರ್ಷ, ದಿನಕ್ಕೆ ಎರಡು ಹೊತ್ತು. ಪ್ಲಸ್ ಮೈನಸ್ ಎಂದರೆ ನಿಜವಾದ ಬೆಲೆ ಮೇಲೂ ಇರಬಹುದು ಕೆಳಗೂ ಇರಬಹುದು ಎಂದು ನಾನು ಹೇಳಿರಲಿಲ್ಲ. ಕೊಸರು ಎಂದುಬಿಟ್ಟಿದ್ದೆ. ಕೊಸರು ಎಂದಾದರೂ ಕೆಳಗೆ ಹೋಗುತ್ತದೆಯೇ?

ನಾನು ತೊದಲುತ್ತಾ ಅದನ್ನು ಆಕೆಗೆ ವಿವರಿಸಿದೆ. ಆಕೆ ಕಣ್ಣು ಮಿಟುಕಿಸದೆ ಕೇಳಿದಳು.

“ಕೆಳಗ ಹೆಂಗ ಹೋಗತೈತಿ? ಕಡಿಮಿ ಅಳದ್ರ ಅದು ಕಳುವು. ನಮ್ಮವ್ವ ಯಾವತ್ತೂ ಕಡಿಮಿ ಅಳದಾಕಿ ಅಲ್ಲ.”

“ಹೌದವ್ವಾ. ನಾ ಹೇಳಿದ್ದ ತಪ್ಪು.”

ಆಕೆ ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ತಿರುವಿದಳು. ಪ್ರತಿ ತಿಂಗಳ ಕೊನೆಯ ಪುಟದ ಕೆಳಗೆ ‘ಪರಿಶೀಲಿಸಲಾಗಿದೆ’ ಎಂದು ರಬ್ಬರ್ ಮೊಹರು, ಅದರ ಮೇಲೆ ನನ್ನ ಸಹಿ. ಮೂವತ್ತಾರು ಸಹಿ. ಒಂದು ತಿಂಗಳೂ ಒಳಗೆ ಏನಿದೆ ಎಂದು ನಾನು ನೋಡಿರಲಿಲ್ಲ. ಆಕೆ ತಂದು ಮುಂದಿಟ್ಟಾಗಲೆಲ್ಲ ಗೀಚಿ ಕೊಟ್ಟಿದ್ದೆ, ಕೆಲವೊಮ್ಮೆ ನಡೆಯುತ್ತಲೇ.

“ಇದು ನಿಂದ ಸಹಿ ಅಲ್ಲೇನು?” ಎಂದಳು. ಹದಿನಾರು ವರ್ಷದಲ್ಲಿ ಆಕೆ ನನಗೆ ‘ರಿ’ ಹಚ್ಚದೆ ಮಾತಾಡಿದ್ದು ಅದೇ ಮೊದಲು. “ಸಹಿ ಇಲ್ಲದ ಕಾಗದ ಅಂತ ಅವರಿಗೆ ಬೈತೀ. ನೋಡದ ಮಾಡಿದ ಸಹಿ ಯಾವ ಮಹಾ? ಒಂದ ತಿಂಗಳ, ಒಂದ ಪುಟ ನೋಡಿದ್ದರ ಅವತ್ತ ಗೊತ್ತಾಗತಿತ್ತು. ನಾ ಮಳ್ಯಾಗ ಬಂದು ಬರದೀನಿ. ನೀ ನೆರಳಾಗ ಕುಂತು ನೋಡಲಿಲ್ಲ.”

ನನಗೆ ನಾಚಿಕೆಯಾಯಿತು. ಎಷ್ಟೆಂದರೆ, ಆ ಹೊತ್ತಿನಲ್ಲಿ ಹೇಮಂತ ಅಲ್ಲಿರಬಾರದಿತ್ತು ಎನಿಸಿ ಅವನ ಮೇಲೆಯೇ ಮತ್ತೆ ಸಿಟ್ಟು ಬಂತು.

ಅವನು ಮಾತ್ರ ಖುಷಿಯಲ್ಲಿದ್ದ. ಇದು ದೊಡ್ಡ ಸಂಗತಿಯೇ ಅಲ್ಲ ಎಂದ. ಎರಡು ಕಾಲಂ ಕೂಡಿಸಿದರೆ ನಿಜವಾದ ಅಳತೆ ಸಿಗುತ್ತದೆ, ಆಕೆ ಬೇರೆ ಬೇರೆಯಾಗಿ ಹೊಂದಿಸಿ ಮೂರು ಸಲ ಓದಿದ್ದರಿಂದ ಆ ಮೂರರ ನಡುವಿನ ವ್ಯತ್ಯಾಸವೇ ನಿಜವಾದ ಪ್ಲಸ್ ಮೈನಸ್. ಮೂರು ವರ್ಷದ ಒಂದು ದಿನವೂ ಹಾಳಾಗಿಲ್ಲ. ಪ್ರತಿ ಸಾಲಿನಲ್ಲೂ ಒಂದೇ ರೀತಿ ಆದ ತಪ್ಪನ್ನು ನೆಟ್‌ವರ್ಕಿಗೆ ಒಂದು ಮಾತು ಹೇಳಿ ತಿದ್ದಬಹುದು. ನಕಲು ಮಾಡಿದ ಅಂಕಿಯನ್ನು ಯಾವ ನೆಟ್‌ವರ್ಕಿನಿಂದಲೂ ತಿದ್ದಲಾಗದು, ಅಲ್ಲಿ ತಿದ್ದಲು ಅಳತೆಯೇ ಇಲ್ಲ.

“ನಾನು ಬೆಂಗಳೂರಿಗೆ ಹೋಗಿ ಸದ್ದಿಲ್ಲದೆ ಸರಿ ಮಾಡಿಬಿಡ್ತೀನಿ. ತಾಂತ್ರಿಕ ಕಾರಣ ಅಂತ ಹಾಕಿದರಾಯ್ತು. ಯಾರ ಹೆಸರೂ ಬರೋದಿಲ್ಲ,” ಎಂದ.

ನನಗೆ ಒಳಗೊಳಗೇ ಸಮಾಧಾನವಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಮೈಲಾರವ್ವನಿಗೆ ಆಗಲಿಲ್ಲ.

“ಸದ್ದಿಲ್ಲದ ಯಾಕ? ದೋಷ ಅಂತ ಬರಿಯೂ ಮುಂದ ಸದ್ದ ಮಾಡೇ ಬರದೀರಿ. ಹೆಸರ ಹಾಕ್ರಿ. ಕೊಸರ ಬ್ಯಾರೆ ಕಾಲಮಿನ್ಯಾಗ ಹಾಕಿದ್ದು ನನ್ನ ತಪ್ಪು, ಅಂತ ಬರೀರಿ. ಸುಳ್ಳ ಬರದಿಲ್ಲ, ಅಂತನೂ ಬರೀರಿ. ಎರಡೂ ಬೇಕು ನನಗ.”

ಡಬ್ಬಿಯ ಕೋಣೆಯ ಬೀಗ ಆ ದಿನ ತೆರೆಯಲಿಲ್ಲ. ಜೀಪು ಖಾಲಿ ಹೋಯಿತು.

ಮರುದಿನ ಶಾಲೆ ಬಿಡುವ ಹೊತ್ತಿಗೆ ಆಕೆ ಮೂರು ಪುಸ್ತಕ ತಂದು ನನ್ನ ಮುಂದೆ ಇಟ್ಟಳು. “ನೋಡ್ರಿ,” ಎಂದಳು. ‘ರಿ’ ಮರಳಿ ಬಂದಿತ್ತು, ದನಿ ಮಾತ್ರ ಇನ್ನೂ ಮರಳಿರಲಿಲ್ಲ. ಸಂಜೆ ಸಂಜೆ ಕೂತು ಒಂದೊಂದೇ ಪುಟ ತೆಗೆದು, ಪ್ರತಿ ಸಾಲಿಗೂ ಕೊಸರು ಕೂಡಿಸಿ, ಕೆಂಪು ಶಾಯಿಯಲ್ಲಿ ತಿದ್ದಿದೆವು. ನಾನು ಓದುವುದು, ಆಕೆ ಕೂಡಿಸುವುದು. ಗಣಿತದಲ್ಲಿ ಬಿದ್ದವಳ ಕೂಡುಲೆಕ್ಕ ಒಂದೂ ತಪ್ಪಲಿಲ್ಲ, ನನ್ನ ಓದು ಎರಡು ಸಲ ತಪ್ಪಿತು, ಎರಡು ಸಲವೂ ಆಕೆ ಹಿಡಿದಳು. ಹತ್ತೊಂಬತ್ತು ಸಂಜೆ ಹಿಡಿಯಿತು. ಕೊನೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆದಳು: ‘ಇಲ್ಲಿಯವರೆಗೆ ಕೊಸರನ್ನು ಬೇರೆ ಕಾಲಂನಲ್ಲಿ ಬರೆದದ್ದು ತಪ್ಪು. ಓದಿದವಳು ಮೈಲಾರವ್ವ.’ ಅದರ ಕೆಳಗೆ ಜಾಗ ಬಿಟ್ಟು ಪೆನ್ನನ್ನು ನನ್ನ ಕಡೆ ಚಾಚಿದಳು. ಏನು ಬರೆಯಬೇಕೆಂದು ಆಕೆ ಹೇಳಲಿಲ್ಲ. ‘ತಪ್ಪು ಕಲಿಸಿದವಳು ನಾಗರತ್ನಾ’ ಎಂದು ಬರೆದು ಸಹಿ ಮಾಡಿದೆ. ಸುಲಭವಾಗಿ ಮಾಡಿದೆ ಎಂದರೆ ಅದು ಸುಳ್ಳು.

ಎರಡು ತಿಂಗಳ ಮೇಲೆ ಹೇಮಂತ ಹೊಸ ವರದಿ ಹಿಡಿದು ತಾನೇ ಬಂದ. ‘ಕುಬಿಹಾಳ: ಓದುವ ಕ್ರಮದಲ್ಲಿ ಆಗಿದ್ದ ತಪ್ಪನ್ನು ಓದಿದವರೇ ತಿದ್ದಿದ್ದಾರೆ. ದಾಖಲೆ ಪ್ರಾಮಾಣಿಕ. ಉಳಿದ ಕೇಂದ್ರಗಳನ್ನು ಇದರ ಆಧಾರದ ಮೇಲೆ ಪರೀಕ್ಷಿಸುವುದು. ಓದಿದವರು: ಶ್ರೀಮತಿ ಮೈಲಾರವ್ವ.’ ಆಕೆ ಬೆರಳಿಟ್ಟು ಓದಿದಳು. ಕೊನೆಗೆ ಬಂದಾಗ ಬೆರಳು ನಿಂತಿತು. ಆ ಸಣ್ಣ ಅಕ್ಷರದ ಸಾಲು ಅಲ್ಲೇ ಇತ್ತು. ಸಹಿಯ ಅಗತ್ಯವಿಲ್ಲ.

ಆಕೆ ಪುಸ್ತಕದ ಕೊನೆಯ ಪುಟ ತೆರೆದು ಅವನ ಮುಂದಿಟ್ಟಳು. “ನಾ ಸಹಿ ಮಾಡೇನಿ. ಅಕ್ಕಾರೂ ಮಾಡ್ಯಾರ. ಈಗ ನಿಮ್ಮ ಕಾಗದದ ಮ್ಯಾಲ ನೀವ ಮಾಡ್ರಿ.”

ಮೇಲಿನವರನ್ನು ಕೇಳಬೇಕು, ಇಂಥದ್ದಕ್ಕೆ ಪದ್ಧತಿ ಇಲ್ಲ, ವರದಿಯ ಪುಟದಲ್ಲಿ ಸಹಿಗೆ ಜಾಗವೂ ಇಲ್ಲ ಎಂದ ಹೇಮಂತ. ಆಕೆ ವರದಿಯನ್ನು ಅವನ ಕಡೆ ಸರಿಸಿದಳು. ಬಾರೋಮೀಟರಿನ ಪಕ್ಕದ ಗಡಿಯಾರ ನಾಲ್ಕಕ್ಕೆ ಐದು ನಿಮಿಷ ತೋರಿಸುತ್ತಿತ್ತು. ಕೊನೆಗೆ ಅವನು ಜೇಬಿನಿಂದ ಪೆನ್ನು ತೆಗೆದು, ಜಾಗ ಹುಡುಕಿ, ಆ ಸಣ್ಣ ಸಾಲಿನ ಮೇಲೆಯೇ ತುದಿ ಊರಿದ.

ಮೈಲಾರವ್ವ ಅಂಗೈಯನ್ನು ಕಾಗದದ ಮೇಲೆ ಅಡ್ಡ ಇಟ್ಟಳು.

“ಮೊದಲ ಪೂರಾ ಓದ್ರಿ. ಓದಿ ಮಾಡ್ರಿ,” ಎಂದಳು. ಹೇಳಿದ್ದು ಅವನಿಗೆ. ನೋಡಿದ್ದು ನನ್ನ ಕಡೆ.